ಮುಚ್ಚಳದ ಮೇಲೆ ಬರೆದ ಹೆಸರು

ನೀರು ಪರೀಕ್ಷಾ ಕೇಂದ್ರ, ಹಿಂದಿನ ಕೋಣೆ
ಮಂಗಳವಾರ, ಜೂನ್ ೧೧, ಸಂಜೆ

ಪ್ರೀತಿಯ ಅತ್ತಿಗೆಗೆ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲು ಬಲು ಕಡಿದಾಗಿವೆಯಂತೆ. ಇಳಿಯುವಾಗ ಗೋಡೆ ಹಿಡಿದುಕೊಳ್ಳಿ. ಮೊಮ್ಮಗನಿಗೆ ಮಾತು ಬಂತೇ? ಈ ಎರಡು ವರ್ಷದಲ್ಲಿ ನಾನು ಬರೆದದ್ದು ಮೂರೇ ಪತ್ರ, ಮೂರೂ ಅಂಗೈಯಗಲದವು. ಇವತ್ತಿನದು ಉದ್ದವಾಗುತ್ತದೆ. ಕನ್ನಡಕ ಹಾಕಿಕೊಂಡು, ಕುಳಿತುಕೊಂಡು ಓದಿ.

ಒಂದು ಕಥೆ ಹೇಳಬೇಕು. ಇದನ್ನು ಮೊದಲು ಹೇಳಿದ್ದು ನಾನಲ್ಲ, ನಮ್ಮಲ್ಲಿ ಗಾಜಿನ ತಟ್ಟೆಗಳನ್ನು ತೊಳೆಯುವ ಅಕ್ಕ. ನಿನ್ನೆ, ಸೋಮವಾರ, ಹನ್ನೊಂದು ಗಂಟೆಯ ಚಹಾದ ಹೊತ್ತಿಗೆ. ಈ ತಿಂಗಳು ಕೆಲಸಕ್ಕೆ ಸೇರಿದ ಟೆಕ್ನಿಷಿಯನ್ ಹೆಂಗಸರಿಬ್ಬರು ಕೇಳುತ್ತಿದ್ದರು. ಆಕೆ ನನ್ನ ಕಡೆ ಗದ್ದ ತೋರಿಸಿ ಶುರುಮಾಡಿದಳು: “ಈ ಮನುಷ್ಯ ಇದಾನಲ್ಲ, ಸ್ವಂತ ಅತ್ತಿಗೇನೂ ಬಿಡಲಿಲ್ಲ. ಅನ್ನ ಹಾಕಿ ಬೆಳೆಸಿದೋಳು ಕಣ್ರೇ. ಆದ್ರೂ ಲೆಕ್ಕ ಅಂದ್ರೆ ಲೆಕ್ಕ.” ಆಮೇಲೆ ಎರಡು ವರ್ಷದ ಹಿಂದಿನ ಆ ಬೇಸಿಗೆಯಲ್ಲಿ ಊರಿಗೆ ಊರೇ ವಾಂತಿಭೇದಿಯಿಂದ ಹೊಟ್ಟೆ ಹಿಡಿದುಕೊಂಡದ್ದು, ಬಸ್ ನಿಲ್ದಾಣದ ನಿಮ್ಮ ಕ್ಯಾಂಟೀನಿನ ಡ್ರಮ್ಮಿನಿಂದ ಪರೀಕ್ಷೆಗೆ ನೀರು ತಂದದ್ದು, ನಾನು ಅಳುಕದೆ ಎಣಿಸಿ ಬರೆದದ್ದು, ಕ್ಯಾಂಟೀನಿಗೆ ಬೀಗ ಬಿದ್ದದ್ದು, ಎಲ್ಲವನ್ನೂ ಬಣ್ಣ ಹಚ್ಚಿ ಹೇಳಿದಳು. ಹೊಸಬರಿಬ್ಬರೂ ನನ್ನನ್ನು ದೊಡ್ಡ ಮನುಷ್ಯನನ್ನು ನೋಡುವ ಹಾಗೆ ನೋಡಿದರು. ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದೆ, ಅತ್ತಿಗೆ.

ನಮ್ಮ ಕೆಲಸ ನಿಮಗೆ ಗೊತ್ತು. ನನಗೆ ಚುಕ್ಕೆರಾಯ ಎಂದು ಹೆಸರಿಟ್ಟವರೇ ನೀವು. ಒಂದಿಷ್ಟು ನೀರನ್ನು ತಟ್ಟೆಯಲ್ಲಿ ಕ್ರಿಮಿ ಬೆಳೆಯುವ ಲೋಳೆಯ ಜೊತೆ ಕಲಸಿ, ಮುಚ್ಚಿ, ಕಾವು ಪೆಟ್ಟಿಗೆಯಲ್ಲಿ ಎರಡು ದಿನ ಬೆಚ್ಚಗೆ ಇಡುತ್ತೇವೆ. ಕಣ್ಣಿಗೆ ಕಾಣದ ಒಂದೊಂದು ಕ್ರಿಮಿಯೂ ಕೂತಲ್ಲೇ ಸಂಸಾರ ಬೆಳೆಸಿ ಒಂದೊಂದು ಚುಕ್ಕೆಯಾಗುತ್ತದೆ. ಆಮೇಲೆ ತಟ್ಟೆಯನ್ನು ಎಣಿಕೆ ಯಂತ್ರದ ಮೇಲಿಟ್ಟು, ಕೆಳಗಿನಿಂದ ದೀಪ ಹಾಕಿ, ಮಸೂರದಲ್ಲಿ ನೋಡುತ್ತ ಕಡ್ಡಿಯಿಂದ ಚುಕ್ಕೆ ಚುಕ್ಕೆಯನ್ನೂ ಮುಟ್ಟಬೇಕು. ಮುಟ್ಟಿದಾಗಲೆಲ್ಲ ಅದು ಟಿಕ್ ಎಂದು ಅಂಕಿ ಏರಿಸುತ್ತದೆ. ನೀವೊಮ್ಮೆ ಬಂದು ನೋಡಿ, “ಕೋಳಿ ಕಾವಿಗೆ ಕೂತ್ರೆ ಮರಿಯಾದ್ರೂ ಸಿಗುತ್ತೆ, ನಿನ್ನ ಪೆಟ್ಟಿಗೆ ರೋಗಕ್ಕೆ ಕಾವು ಕೊಡುತ್ತಲ್ಲೋ” ಅಂದಿರಿ. ಆ ಮಾತಿಗೆ ನಮ್ಮ ಮುಖ್ಯಸ್ಥರು ಒಂದು ವಾರ ನಕ್ಕಿದ್ದರು.

ಯಾವ ನೀರು ಎಂದು ತಟ್ಟೆಯ ತಳಕ್ಕೆ ಬರೆಯಬೇಕು, ಮುಚ್ಚಳಕ್ಕೆ ಬರೆಯಬಾರದು. ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸುವುದೇ ಇದನ್ನು. ಪೆಟ್ಟಿಗೆಯಲ್ಲಿಡುವಾಗ ಬೋರಲಾಗಿ ಇಡಬೇಕು, ಇಲ್ಲದಿದ್ದರೆ ಮುಚ್ಚಳದ ಒಳಗೆ ಹನಿ ಕಟ್ಟುತ್ತದೆ. ಇಪ್ಪತ್ತು ವರ್ಷದ ಅನುಭವಿ ನಾನು, ಕ್ಯಾಂಟೀನಿನ ನೀರು ತಂದ ದಿನ ಅವಸರದಲ್ಲಿ ಮುಚ್ಚಳಗಳ ಮೇಲೇ ಬರೆದೆ, ನೆಟ್ಟಗೇ ಇಟ್ಟೆ. ಎರಡು ದಿನ ಬಿಟ್ಟು ತೆಗೆದರೆ ಹನಿಗಳ ಮರೆಯಲ್ಲಿ ಚುಕ್ಕೆ ಕಾಣದು. ನಿಮ್ಮ ಡ್ರಮ್ಮಿನ ನೀರಿನದೂ ಎಮ್ಮೆಗಳು ಮೀಯುವ ಹೊಂಡದ ನೀರಿನದೂ ಅಕ್ಕಪಕ್ಕ ಇದ್ದವು. ಎರಡರ ಮುಚ್ಚಳ ತೆಗೆದು, ಒರೆಸಿ, ಮತ್ತೆ ಮುಚ್ಚಿದೆ. ಅದಲುಬದಲಾದವು. ಹೊಂಡದ ಇನ್ನೂರ ಹನ್ನೆರಡು ಚುಕ್ಕೆಗಳನ್ನು ನಿಮ್ಮ ಹೆಸರಿಗೆ ಬರೆದೆ. ನಿನ್ನೆ ಆ ಕಥೆ ಕೇಳುತ್ತ ಕೂತಾಗ ಮುಚ್ಚಳ ಒರೆಸಿದ್ದು ನೆನಪಾಗಿ ಇದೆಲ್ಲ ತಟ್ಟನೆ ಹೊಳೆಯಿತು.

ಬೀಗ ಹಾಕಿದ ದಿನ ನೀವು ಜಗಳವಾಡಲಿಲ್ಲ. “ಕುದಿಸಿಯೇ ತುಂಬಿದ್ದು ಕಣೋ. ಇನ್ನೊಂದು ಸಲ ನೋಡು” ಅಂದಿರಿ, ಅಷ್ಟೇ. ನಾನು, “ಲೆಕ್ಕಕ್ಕೆ ನೆಂಟಸ್ತಿಕೆ ಗೊತ್ತಿಲ್ಲ ಅತ್ತಿಗೆ” ಅಂದೆ. ಸುತ್ತ ಇದ್ದವರು ತಲೆದೂಗಿದರು. ಅಣ್ಣ ಹೋದ ಮೇಲೆ ಆ ಒಲೆಯ ಮುಂದೆ ನಿಂತು ಸಂಸಾರ ದಡ ಸೇರಿಸಿದವರು ನೀವು. ಊರಿನ ಹೊಟ್ಟೆ ಕೆಡಿಸಿದವಳು ಎಂಬ ಮಾತು ಹೊತ್ತುಕೊಂಡು ಬಸ್ಸು ಹತ್ತಿದಿರಿ. ಕಳಿಸಲು ನಾನು ಬರಲಿಲ್ಲ, ಕೆಲಸವಿದೆ ಅಂದಿದ್ದೆ. ಇರಲಿಲ್ಲ.

ಇವತ್ತು ಚಹಾದ ಹೊತ್ತಿಗೆ ಮುಚ್ಚಳದ ಸಂಗತಿಯನ್ನು ಎಲ್ಲರ ಮುಂದೆ ಹೇಳಿದೆ. ಮುಖ್ಯಸ್ಥರು ತಿದ್ದುಪಡಿ ಪತ್ರ ಬರೆದು ಸಹಿ ಹಾಕಿದರು. ಪ್ರತಿ ಇದರ ಜೊತೆಗಿದೆ. ಇನ್ನೊಂದು ಪ್ರತಿಯನ್ನು ಹೊಸಬರಿಬ್ಬರೂ ಮನೆಗೆ ಹೋಗುವಾಗ ಕ್ಯಾಂಟೀನಿನ ಬಾಗಿಲಿಗೆ ಅಂಟಿಸಿದ್ದಾರೆ. ನೀವು ಮರಳಿ ಬರಬೇಕು ಎಂದು ಕೇಳುವ ಮುಖ ನನಗಿಲ್ಲ. ಬಂದರೆ ಬೀಗದ ಕೈ ಮುಖ್ಯಸ್ಥರ ಹತ್ತಿರ ಇದೆ.

ಮಗಳಿಗೆ, ಅಳಿಯಂದಿರಿಗೆ ನನ್ನ ನೆನಪು ತಿಳಿಸಿ. ಮಗುವಿಗೆ ಮುತ್ತು. ನಿಮ್ಮ ಪಾದಕ್ಕೆ ತಲೆಯಿಟ್ಟು,

ನಿಮ್ಮ ಮೈದುನ,
ಚುಕ್ಕೆರಾಯ

ತಾ.ಕ. — ಬುಧವಾರ ಬೆಳಿಗ್ಗೆ. ಬೇಗ ಬರೆಯುತ್ತಿದ್ದೇನೆ, ಅಂಚೆಗೆ ಹಾಕಲು ತಟ್ಟೆ ತೊಳೆಯುವ ಅಕ್ಕ ಬಾಗಿಲಲ್ಲೇ ನಿಂತಿದ್ದಾಳೆ. ನನ್ನ ಕೈಗೆ ಬಿಡುವುದಿಲ್ಲವಂತೆ. ಬಂದವಳೇ ಹೊಸಬರ ಎದುರಿಗೇ ಕೇಳಿದಳು: “ನಿನ್ನೆ ಮೊನ್ನೆ ಹೊಳೀತು ಅಂತೀಯಲ್ಲ, ಆವತ್ತು ಆ ಎರಡು ತಟ್ಟೆ ನೀನೇ ತಂದು, ಈಗಲೇ ತೊಳಿ, ಈಗಲೇ ಅಂತ ನನ್ನ ತಲೆ ಮೇಲೆ ಯಾಕಪ್ಪಾ ನಿಂತಿದ್ದೆ?” ಅತ್ತಿಗೆ, ನನಗೆ ಬೀಗ ಬಿದ್ದ ಆರನೆಯ ದಿನವೇ ಗೊತ್ತಾಗಿತ್ತು. ಹೊಂಡದ ವರದಿ ಬರೆಯಲು ಕೂತಾಗ ಎಮ್ಮೆ ಮೀಯುವ ನೀರಿನಲ್ಲಿ ಒಂಬತ್ತೇ ಚುಕ್ಕೆ ಇತ್ತು. ನೀವು ಇನ್ನೂ ಊರಲ್ಲೇ ಇದ್ದಿರಿ. ಅಷ್ಟರಲ್ಲಿ ಬೀದಿಯಲ್ಲಿ ಜನ ನನ್ನನ್ನು ನಿಲ್ಲಿಸಿ ಹೊಗಳತೊಡಗಿದ್ದರು. ಹೊಂಡಕ್ಕೂ ಇನ್ನೂರ ಹನ್ನೆರಡು ಎಂದೇ ಬರೆದೆ. ನಿಮ್ಮ ಒಂಬತ್ತನ್ನು ಎಲ್ಲಿಯೂ ಬರೆಯಲಿಲ್ಲ. ಇಷ್ಟನ್ನೂ ಅವರಿಗೆ ಹೇಳಿದೆ. ಹೊಸಬರಿಬ್ಬರೂ ಬಿಳಿ ಕೋಟು ಕಳಚಿಟ್ಟು ಬಸ್ ನಿಲ್ದಾಣಕ್ಕೆ ನಡೆದರು. ಬಾಗಿಲಿಗೆ ಅಂಟಿಸಿದ್ದ ಪತ್ರದಲ್ಲಿ ‘ಕೈತಪ್ಪಿನಿಂದ’ ಎಂದಿತ್ತು. ಆ ಪದವನ್ನು ಹೊಡೆದುಹಾಕಿ ಬಂದು, ಕೈ ತೊಳೆದುಕೊಂಡು, ಎಣಿಸಲು ಕೂತರು.