ಗಡಿಯಾರದ ತಪ್ಪಲ್ಲ

ವೀಕ್ಷಣಾಲಯದ ನಿರ್ದೇಶಕರಿಗೆ,

ನಿಮ್ಮಲ್ಲಿ ಗಡಿಯಾರ ನೋಡಿಕೊಳ್ಳುತ್ತಿದ್ದ ನನ್ನ ಚಿಕ್ಕಪ್ಪನನ್ನು ನೀವು ಅವರ ತಪ್ಪಿಲ್ಲದೆಯೇ ಕೆಲಸದಿಂದ ತೆಗೆದಿದ್ದೀರಿ.

ಒಂದನ್ನೊಂದು ಸುತ್ತುತ್ತಾ ಮರೆಮಾಡುವ, ಉರಿದು ಕುಗ್ಗಿದ ಆ ಎರಡು ಶ್ವೇತಕುಬ್ಜ ನಕ್ಷತ್ರಗಳ ಗ್ರಹಣ ವರ್ಷದಿಂದ ವರ್ಷಕ್ಕೆ ಲೆಕ್ಕಕ್ಕಿಂತ ಬೇಗ ಕಾಣಿಸಿತು. ಗಡಿಯಾರವೇ ನಿಧಾನ ಎಂದಿರಿ. "ಗಡಿಯಾರ ಸರಿಯಾಗೇ ಇದೆ ಸಾರ್, ನಕ್ಷತ್ರಗಳಿಗೇ ಅವಸರ" ಎಂದರು ಚಿಕ್ಕಪ್ಪ. "ಹಾಗಾದ್ರೆ ಅವಕ್ಕೇ ನೋಟಿಸ್ ಕೊಡೋಣವೇನಯ್ಯಾ?" ಎಂದು ನೀವು ನಕ್ಕಿರಂತೆ.

ನಾನು ಕಾಲೇಜು ಮೆಟ್ಟಿಲು ಹತ್ತಿದವಳಲ್ಲ. ನೀವು ಹಂಚುವ ಕಿರುಹೊತ್ತಿಗೆಗಳನ್ನು ಓದಿದವಳು. ಇಂಥ ಜೋಡಿ ಶಕ್ತಿ ಕಳೆದುಕೊಳ್ಳುತ್ತಾ ಹತ್ತಿರವಾಗುತ್ತದೆ, ಹತ್ತಿರವಾದಷ್ಟೂ ಬೇಗ ಸುತ್ತುತ್ತದೆ, ಕೊನೆಗೆ ಒಂದಾಗಿ ಸೂಪರ್‌ನೋವಾ ಆಗಿ ಸಿಡಿಯಲೂಬಹುದು ಎಂದು ನಾಲ್ಕನೆಯ ಹೊತ್ತಿಗೆಯ ಒಂಬತ್ತನೇ ಪುಟದಲ್ಲಿದೆ. ಬರೆದವರು ನೀವೇ.

ಅದೇ ಗಡಿಯಾರದಲ್ಲಿ ಅಳೆದ ಬೇರೆ ಜೋಡಿಗಳ ಗ್ರಹಣ ಒಂದು ಸೆಕೆಂಡೂ ತಪ್ಪಿಲ್ಲ. ಚಿಕ್ಕಪ್ಪನ ನೋಟ್‌ಬುಕ್ಕಿನಲ್ಲಿ ಎಲ್ಲವೂ ಇದೆ. ದಯವಿಟ್ಟು ನಿಮ್ಮ ರಿಜಿಸ್ಟರನ್ನೂ ತೆಗೆಸಿಡಿ.

ಅವರು ಈಗ ಮನೆಯ ಗಡಿಯಾರಕ್ಕೂ ಕೀ ಕೊಡುತ್ತಿಲ್ಲ. ಅವರನ್ನು ಕರೆದುಕೊಂಡು ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಕೋಣೆಗೆ ಬರುತ್ತೇನೆ. ಹತ್ತು ಎಂದರೆ, ಅವರು ನೋಡಿಕೊಳ್ಳುತ್ತಿದ್ದ ಗಡಿಯಾರದಲ್ಲಿ ಹತ್ತು.

ಇಂತಿ,
ಗಡಿಯಾರದವರ ಅಣ್ಣನ ಮಗಳು