ಚಿಗವ್ವ ಕೇಳಬೇಕೆಂದಿದ್ದ ಪ್ರಶ್ನೆ

ಗದಗ, ಫೆಬ್ರವರಿ ೩೦, ೨೧೯೪

ನನಗಿಂತ ಬಹಳ ಮೊದಲು ಬದುಕುತ್ತಿರುವ ನಿಮಗೆ,

ತಾರೀಖು ತಪ್ಪಿಲ್ಲ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನಿಮಗೆ ಗೊತ್ತಿಲ್ಲದ ಪದ ಬಂದರೆ ಕ್ಷಮಿಸಿ. ಸಂಗತಿ ಮಾತ್ರ ನಿಮ್ಮ ಮನೆಯಲ್ಲೂ ನಡೆಯಬಹುದಾದದ್ದು.

ನನ್ನನ್ನು ಸಾಕಿದವಳು ತಾಯಿಯ ತಂಗಿ, ಚಂಪವ್ವ ಚಿಗವ್ವ. ಈ ವರ್ಷ ಅವಳ ಕಿಡ್ನಿಗಳು ಸೋತಿವೆ. ನಮ್ಮಲ್ಲಿ ಎಲ್ಲರ ಮಣಿಕಟ್ಟಿಗೂ ರಕ್ತಮಣಿ ಕಟ್ಟಿರುತ್ತಾರೆ. ನೆತ್ತರಿನಲ್ಲಿ ಏನಾದರೂ ಏರುಪೇರಾದರೆ ಅದರ ಬಣ್ಣ ಬದಲಾಗುತ್ತದೆ; ಕೆಂಪಾದರೆ ಕಿಡ್ನಿ ಸೋತಿದೆ ಎಂದರ್ಥ. ಆದರೆ ಏನು ಉಣ್ಣಬೇಕೆಂದು ಮಣಿ ಹೇಳುವುದಿಲ್ಲ. ಅದನ್ನು ಡಾಕ್ಟರೇ ಹೇಳಬೇಕು, ಅವರು ಊರಿಗೆ ಬರುವುದು ಮೂರು ತಿಂಗಳಿಗೊಮ್ಮೆ. ಚಿಗವ್ವನ ಮಣಿ ಕೆಂಪಾದಾಗ ನನಗೆ ಜೀವ ಬಾಯಿಗೆ ಬಂತು. ಯಾವ ಅಪಾಯವೂ ಬೇಡವೆಂದು ಬೇಳೆ ನಿಲ್ಲಿಸಿದೆ. ಆಮೇಲೆ ಮೊಸರು, ಶೇಂಗಾ ಚಟ್ನಿ, ಬಾಳೆಹಣ್ಣು. ಕೊನೆಗೆ ಅವಳು ರೊಟ್ಟಿಯನ್ನು ಬಿಸಿನೀರಿನಲ್ಲಿ ಅದ್ದಿ ತಿನ್ನುತ್ತಿದ್ದಳು.

ಡಾಕ್ಟರ್ ಬರುವ ಹಿಂದಿನ ದಿನ ಪ್ರಶ್ನೆಗಳನ್ನು ಬರೆಯಲು ಕೂತೆ. ಉಪ್ಪು ಎಷ್ಟು, ನೀರು ಎಷ್ಟು, ಸೊಪ್ಪು ಬೇಯಿಸಿದ ನೀರು ಚೆಲ್ಲಬೇಕೆ, ಹೀಗೆ. ಚಿಗವ್ವ ಪಕ್ಕದಲ್ಲೇ ಇದ್ದಳು.

"ಮಂದಾ, ನಂದೂ ಒಂದು ಬರಕೊಳ್ಳವ್ವ" ಎಂದಳು.

"ತಡಿ ಚಿಗವ್ವ, ಮೊದಲು ಮುಖ್ಯವಾದವು ಮುಗೀಲಿ" ಎಂದೆ. ಮುಗಿದ ಮೇಲೆ ನಾನು ಕೇಳಲಿಲ್ಲ, ಅವಳೂ ನೆನಪಿಸಲಿಲ್ಲ.

ಮರುದಿನ ಡಾಕ್ಟರ್ ರಾಹಿಲಾ ಅವರೆದುರು ನಾನು ಒಂದೊಂದಾಗಿ ಓದುತ್ತಾ ಹೋದೆ. ಅವರ ಕಣ್ಣು ಚಿಗವ್ವನ ಬಳೆಗಳ ಮೇಲಿತ್ತು. ಕೈ ಎತ್ತಿದರೆ ಮೊಣಕೈವರೆಗೆ ಜಾರುತ್ತಿದ್ದವು.

"ಅಮ್ಮಾ, ನೀವೇನಾದರೂ ಕೇಳೋದಿದೆಯಾ?" ಎಂದರು.

ಚಿಗವ್ವ ಮೊದಲು ನನ್ನ ಮುಖ ನೋಡಿದಳು. "ಹೊಟ್ಟಿ ಭಾಳ ಹಸೀತದರಿ. ಈ ಬ್ಯಾನಿಯೊಳಗ ಹಸಿವಾದ್ರ ತಪ್ಪೇನ್ರಿ?"

ಡಾಕ್ಟರ್ ಪೆನ್ನು ಕೆಳಗಿಟ್ಟು, ಅವಳು ದಿನಾ ಏನೇನು ಉಣ್ಣುತ್ತಾಳೆಂದು ಕೇಳಿ ತಿಳಿದುಕೊಂಡರು. "ಬೇಳೆ, ಮೊಸರು ಎಲ್ಲಾ ಬಿಡಿಸಿದವರು ಯಾರು?"

"ನಾನ ಬಿಟ್ಟೇನ್ರಿ. ಬಾಯಿಗೆ ಸೇರಲಿಲ್ಲ."

"ಇಲ್ಲ ಡಾಕ್ಟ್ರೇ, ನಾನು ಬಿಡಿಸಿದೆ" ಎಂದೆ.

ಅವರು ಬೈಯಲಿಲ್ಲ. ಬಾಳೆಹಣ್ಣು ಬಿಟ್ಟದ್ದು ಸರಿ, ಆದರೆ ಬೇಳೆ, ಮೊಸರು ಅಳತೆಯಲ್ಲಿ ಕೊಡಲೇಬೇಕಿತ್ತು ಎಂದರು. ಮೈ ಇಷ್ಟು ಇಳಿದದ್ದು ರೋಗದಿಂದಲ್ಲ, ಉಪವಾಸದಿಂದ. ಎಷ್ಟು ಕೊಡಬೇಕೆಂದು ಬಟ್ಟಲು ಹಿಡಿದು ತೋರಿಸಿದರು.

ಮಧ್ಯಾಹ್ನ ತೆಳ್ಳಗೆ ಬೇಳೆ ಮಾಡಿ ಬಡಿಸಿದೆ. ಚಿಗವ್ವ ಬೆರಳು ನೆಕ್ಕಿ ಉಂಡಳು. "ಅಂಜಿ ಮಾಡೀದಿ, ಬಿಡು" ಎಂದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನಿಮ್ಮ ಮನೆಯಲ್ಲಿ ಕಾಯಿಲೆಯವರಿದ್ದು, ಡಾಕ್ಟರನ್ನು ಏನು ಕೇಳಬೇಕೆಂದು ನೀವು ಬರೆಯಲು ಕೂತರೆ, ದಯವಿಟ್ಟು ಮೊದಲ ಸಾಲು ಆ ಕಾಯಿಲೆಯವರದಾಗಿರಲಿ. ಅವರು ಹೇಳಿದ ಹಾಗೆಯೇ ಬರೆಯಿರಿ, ತಿದ್ದಬೇಡಿ.

ಚಿಗವ್ವ ಊಟಕ್ಕೆ ಕರೆಯುತ್ತಿದ್ದಾಳೆ. ಅವಳೆದುರು ತಲೆ ಎತ್ತಿ ಉಣ್ಣುವುದು ನನಗಿನ್ನೂ ಕಷ್ಟ. ಬರುತ್ತೇನೆ.

ಮಂದಾಕಿನಿ