ಚೇಳಿನ ಗುರುತಿನ ಮಚ್ಚು

ಕಿಕ್ಕೇರಿಯ ಕುಲುಮೆಯ ಮುಂದೆ ಐವತ್ತು ವರ್ಷ ಬೆಂದು, ಒಂದು ದಿನವೂ ಹೆಸರು ಬೇಕೆನ್ನದೆ ಹೊರಟುಹೋದ ಅಪ್ಪನಿಗೆ, ಮಗ ಮಾದೇವ ಮಾಡುವ ನಮಸ್ಕಾರ.

ನೀನು ಹೋಗುವ ಮೂರು ದಿನ ಮೊದಲು ನನ್ನ ಕೆನ್ನೆಗೆ ಬಾರಿಸಿದೆಯಲ್ಲ, ನೆನಪಿದೆಯೇ? ಹಾಸಿಗೆ ಹಿಡಿದಿದ್ದ ಮುದುಕ, ಅದೆಲ್ಲಿತ್ತೋ ಆ ಶಕ್ತಿ. ನಾನು ಕೇಳಿದ್ದು ಇಷ್ಟೇ: 'ಅಪ್ಪಾ, ನಮ್ ಮಚ್ಚಿನ್ ಮ್ಯಾಲೆ ನಮ್ದೊಂದ್ ಗುರ್ತು ಯಾಕ್ ಒತ್ತಬಾರ್ದು?' ನೀನು ನಕ್ಕೆ. 'ನೇಗಿಲ್ ಗುಳ ಬಡಿದೋನ್ ಎಸ್ರು ರಾಗಿಗ್ ಗೊತ್ತಾಯ್ತದೇನ್ಲಾ? ಬೆಳೆ ಬಂದ್ರೆ ಸಾಕು ಕಣ್ಲಾ' ಅಂದೆ. ನಾನು ಬಿಡಲಿಲ್ಲ. ಊರಿಗೊಬ್ಬ ಆಚಾರಿ ಇದ್ದಾನೆ, ನೀನು ಸತ್ತರೆ ನಿನ್ನ ಹೆಸರು ಹೇಳುವ ನಾಯಿಯೂ ಇರುವುದಿಲ್ಲ ಅಂದುಬಿಟ್ಟೆ. ಆಗ ಬಿತ್ತು ಏಟು. ಆಮೇಲೆ ನಾವಿಬ್ಬರೂ ಮಾತಾಡಲಿಲ್ಲ. ಮಾತಾಡಬಹುದಿತ್ತು, ಮೂರು ದಿನ ಇತ್ತು...

ನಿನ್ನ ಕರ್ಮಕ್ಕೆ ಬೋಳಿಸಿದ ತಲೆಯಲ್ಲಿ ಕೂದಲು ಇನ್ನೂ ಸರಿಯಾಗಿ ಬಂದಿರಲಿಲ್ಲ, ನಾಗಮಂಗಲದ ಬಸ್ಸು ಹತ್ತಿದೆ. ಅಲ್ಲಿ ವಿಗ್ರಹ ಎರೆಯುವ ನಮ್ಮ ಭಾವ ಇದ್ದಾನಲ್ಲ, ಅವನ ಕೈಲಿ ಉಕ್ಕಿನದೊಂದು ಅಚ್ಚು ಕೊರೆಸಿದೆ. 'ನಂದಿ ಮಾಡ್ಲಾ, ನವಿಲು ಮಾಡ್ಲಾ?' ಅಂದ. 'ಚೇಳು ಮಾಡು ಭಾವ' ಅಂದೆ. 'ಥೂ, ದರಿದ್ರದ್ದು' ಅಂತ ಉಗಿದ. ನಂದಿ, ನವಿಲು ಎಲ್ಲರ ಮನೆಯ ಕ್ಯಾಲೆಂಡರಿನಲ್ಲೂ ಇರುತ್ತವೆ, ಯಾರಿಗೆ ನೆನಪಿರುತ್ತದೆ? ಚೇಳು ಕುಟುಕಿದ ಜಾಗವನ್ನು ಯಾರಾದರೂ ಮರೆಯುತ್ತಾರೆಯೇ? ಕೆಂಪಗೆ ಕಾದ ಮೊದಲ ಮಚ್ಚಿನ ಮೇಲೆ ಅಚ್ಚಿಟ್ಟು ಸುತ್ತಿಗೆಯಿಂದ ಬಾರಿಸಿದಾಗ, ಅಪ್ಪಾ, ಸುಳ್ಳು ಹೇಳುವುದಿಲ್ಲ, ನಿನ್ನ ಏಟನ್ನು ನಿನಗೇ ತಿರುಗಿಸಿ ಕೊಟ್ಟಷ್ಟು ಖುಷಿಯಾಯಿತು.

ಬೂಕನಕೆರೆ ಸಂತೆಯಲ್ಲಿ ನೀನು ಗೋಣಿತಾಟು ಹಾಸಿ, ಕುಡುಗೋಲುಗಳನ್ನು ಜೋಡಿಸಿ, ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದೆ. ಕೊಂಡರೆ ಕೊಂಡರು, ಬಿಟ್ಟರೆ ಬಿಟ್ಟರು. ಅದೇ ಜಾಗದಲ್ಲಿ ನಾನು ಕಪ್ಪು ಅಂಗಿ ತೊಟ್ಟು, ಕೆಂಪು ರುಮಾಲು ಸುತ್ತಿ, ಕಿವಿ ಮುಟ್ಟುವ ಮೀಸೆ ಬಿಟ್ಟು ನಿಂತೆ. ಐದು ಕಬ್ಬಿನ ಜಲ್ಲೆ ಒಟ್ಟಿಗೆ ಕಟ್ಟಿ ನಿಲ್ಲಿಸಿ ಒಂದೇ ಏಟಿಗೆ ಉರುಳಿಸುತ್ತಿದ್ದೆ. ಜನ ಶಿಳ್ಳೆ ಹೊಡೆಯುತ್ತಿದ್ದರು. ಪೇಟೆಯ ಬಸ್ ಸ್ಟ್ಯಾಂಡಿನ ಎದುರು ಗೋಡೆಯ ಮೇಲೆ ನನ್ನ ಮೀಸೆ, ಪಕ್ಕದಲ್ಲಿ ಚೇಳು, ಕೆಳಗೆ 'ಕೇಳಿದ ಗಳಿಗೆಗೇ ಕೈಗೆ!' ಅಂತ ಬರೆಸಿದೆ. ಟೆಂಟಿನಲ್ಲಿ ಸಿನಿಮಾ ಶುರುವಾಗುವ ಮುಂಚೆ ನನ್ನ ಸ್ಲೈಡು ಬೀಳುತ್ತಿತ್ತು. ತೊಂಬತ್ತರ ಈಚೆಗೆ ಕಾಲವೇ ಹಾಗೆ ಅಪ್ಪಾ, ಎಸ್‌ಟಿಡಿ ಬೂತಿನವನೂ ತನ್ನ ಫೋಟೋ ಬೋರ್ಡಿಗೆ ಹಾಕಿಸುತ್ತಿದ್ದ. ಅಕ್ಕಿಹೆಬ್ಬಾಳಿನಿಂದ ಪಾಂಡವಪುರದವರೆಗೆ ಕಬ್ಬು ಕಡಿಯುವವರು ಮಾದೇವಾಚಾರಿ ಅನ್ನುವುದನ್ನು ಬಿಟ್ಟು ನನ್ನನ್ನು ಚೇಳಾಚಾರಿ ಅಂದರು. ನನ್ನ ಎದೆ ಉಬ್ಬಿತು.

ನನಗೆ ಮೀಸೆ ಮೂಡುತ್ತಿದ್ದ ಕಾಲದಲ್ಲಿ ಒಬ್ಬ ತುಟಿ ಒಡೆದುಕೊಂಡು, ಪಂಚೆ ಹರಿದುಕೊಂಡು ನಮ್ಮ ಕುಲುಮೆಗೆ ನುಗ್ಗಿದ್ದ. 'ಮಚ್ಚು ಕೊಡಾಚಾರಿ, ಬೇಗ' ಅಂದ. ಸಾಣೆ ಹಿಡಿದ ಹತ್ತಾರು ಮಚ್ಚು ಗೋಡೆಗೆ ಒರಗಿದ್ದವು. ನೀನು ಅತ್ತ ನೋಡಲೂ ಇಲ್ಲ. 'ಇವ್ಕೆ ಇನ್ನೂ ಹದ ಕೂತಿಲ್ಲ ಕಣಪ್ಪ. ವಸಿ ತಿದಿ ಒತ್ತು ಬಾ, ನಿಂಗೇ ಅಂತ ಒಂದ್ ಮಾಡ್ಕೊಡ್ತೀನಿ' ಅಂದೆ. ಅವನು ಕುಲುಮೆಗೆ ಗಾಳಿ ಊದುತ್ತ ಗಂಟೆಗಟ್ಟಲೆ ತಿದಿ ಒತ್ತಿದ. ಮೊದಲು ಬೈಗುಳ ಸುರಿಯಿತು, ಆಮೇಲೆ ಬೆವರು, ಕೊನೆಗೆ ಗೊಳೋ ಅಂತ ಅಳು. ನೀನು ಕಬ್ಬಿಣ ಕಾಯಿಸುತ್ತಲೇ ಇದ್ದೆ, ಒಂದು ಏಟೂ ಬಡಿಯಲಿಲ್ಲ. 'ಎಂಟ್ ದಿನ ಬುಟ್ಕಂಡು ಬಾ' ಅಂತ ಕಳಿಸಿದೆ. ಅವನು ಮತ್ತೆ ಬರಲಿಲ್ಲ. ಸಿಟ್ಟಿನಲ್ಲಿ ಬಂದವನ ಕೈಗೆ ಹದವಾದ ಮಚ್ಚು ಇಡಬಾರದು, ಅದು ತಾತನ ಕಾಲದ ಕಟ್ಟಳೆ ಅಂತ ಅವ್ವ ಹೇಳಿದಳು. ಬಂದ ಗಿರಾಕಿಯನ್ನು ಓಡಿಸುವ ಕಟ್ಟಳೆ ಅಂತ ನಾನು ಮನಸ್ಸಿನಲ್ಲೇ ಬೈದುಕೊಂಡೆ. ನೀನು ಹೋದಮೇಲೆ ಮೊದಲು ಮಾಡಿದ ಕೆಲಸ ಯಾವುದು ಗೊತ್ತೇ? ತಿದಿ ಬಿಚ್ಚಿ ಬಿಸಾಕಿ ಕರೆಂಟಿನ ಬ್ಲೋವರು ಕೂರಿಸಿದ್ದು.

ಪಾಂಡವಪುರದ ಸಂತೆಯಲ್ಲಿ ಒಬ್ಬ ನನ್ನ ಚೇಳನ್ನೇ ಒತ್ತಿ ಮಾರುತ್ತಿದ್ದಾನೆ ಅಂತ ಸುದ್ದಿ ಬಂದ ದಿನ ನಾನು ಊಟ ಬಿಟ್ಟು ಎದ್ದೆ. ಹೋಗಿ ನೋಡಿದರೆ ನಿಜ. ತೆಳ್ಳನೆ ತಗಡು, ಮೇಲೆ ನನ್ನ ಚೇಳು, ಬಾಲ ಮಾತ್ರ ಎಡಕ್ಕೆ. ಅವನ ಜುಟ್ಟು ಹಿಡಿದು ಅವನು ಕಬ್ಬಿಣ ಬಡಿಯುವ ಅಡಿಗಲ್ಲಿಗೇ ಮುಖ ಅಪ್ಪಳಿಸಿದೆ. ಮೂಗು ಮುರಿದ ಸದ್ದು ನನ್ನ ಕಿವಿಗೇ ಕೇಳಿಸಿತು. 'ಒಟ್ಟೆಪಾಡು ಕಣಣ್ಣೋ, ಬುಟ್ಬುಡಣ್ಣೋ' ಅಂತ ಕಿರುಚುತ್ತಿದ್ದ. ಬಿಡಲಿಲ್ಲ. ಅವನ ಬಲಗೈ ಹೆಬ್ಬೆರಳನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆ ಎತ್ತಿದೆ. ಇಳಿಸಿದೆ ಕೂಡ. ನಿನ್ನ ಹೊಟ್ಟೆಯಲ್ಲಿ ಹುಟ್ಟಿದವನು ಇಂಥದ್ದು ಮಾಡಬಹುದೇ? ಮಾಡಿದೆ ಅಪ್ಪಾ. ಮಾರನೆಯ ವಾರದಿಂದ ವ್ಯಾಪಾರ ಎರಡರಷ್ಟಾಯಿತು. ಅಸಲಿ ಚೇಳಿನವನು ರಕ್ತ ಕಾಣಿಸಿದ ಅಂತ ಜನ ಮೆಚ್ಚಿ ಮಾತಾಡಿದರು. ಹೆಸರು ಹೀಗೂ ಬೆಳೆಯುತ್ತದೆ ಅಂತ ನನಗೆ ಆವತ್ತು ತಿಳಿಯಿತು.

ಬೂಕನಕೆರೆಯ ಆ ಸೋಮವಾರದ ಸಂತೆಯನ್ನು ಹೇಗೆ ಹೇಳಲಿ? ನಮ್ಮ ಕುಲುಮೆಯ ಹಳೆಯ ಒಕ್ಕಲು ನಂಜೇಗೌಡನ ತಮ್ಮ ಚೆಲುವ ಸೈಕಲ್ಲು ಬಿಸಾಕಿ ಜನರ ನಡುವೆ ನುಗ್ಗಿ ಬಂದ. ಆ ಅಣ್ಣತಮ್ಮಂದಿರಿಗೆ ನಾಲೆಯ ನೀರಿನ ಸರದಿಗಾಗಿ ವರ್ಷದಿಂದ ಜಗಳ. ಆವತ್ತು ಬೆಳಿಗ್ಗೆ ಅಣ್ಣ ಗುದ್ದಲಿ ಕಾವಿನಿಂದ ತಮ್ಮನ ಕಿವಿಗೆ ಬಾರಿಸಿದ್ದ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆದರೆ ಕಿವಿಯಿಂದ ಇಳಿದು ಕೊರಳ ಹತ್ತಿರ ಒಣಗಿದ್ದ ರಕ್ತ ನನಗೆ ಕಂಡಿತ್ತು. ಕಾಣಲಿಲ್ಲ ಅಂತ ನಿನ್ನ ಹತ್ತಿರ ಹೇಳಲಾರೆ. 'ಮಚ್ಚು ಕೊಡಾಚಾರಿ' ಅಂದ. ಅದೇ ಮಾತು, ಅದೇ ದನಿ. ನನ್ನ ಕೈ ಒಂದು ಕ್ಷಣ ತಡೆಯಿತು. ಅಷ್ಟರಲ್ಲಿ ಗುಂಪಿನಲ್ಲಿ ಯಾವನೋ ಕೂಗಿದ: 'ಕೇಳಿದ್ ಗಳ್ಗೆಗೇ ಕೈಗೆ ಅಂತೀಯಲ್ಲಪ್ಪ, ಕೊಡು ಮತ್ತೆ, ಅದ್ಯಾಕ್ ಮೀನಾಮೇಷ ಎಣಿಸ್ತೀಯಾ?' ಎಲ್ಲರೂ ನಕ್ಕರು. ಅಷ್ಟು ಜನರ ಎದುರು ನನ್ನ ಮಾತು, ನನ್ನ ಗೋಡೆಯ ಬರಹ. ಮೀಸೆ ತಿರುವಿ ಇದ್ದುದರಲ್ಲಿ ಚೂಪಾದದ್ದನ್ನೇ ಆರಿಸಿ ಕೊಟ್ಟೆ. ಶಿಳ್ಳೆ ಬಿತ್ತು.

ನಂಜೇಗೌಡ ತೂಬಿನ ಹತ್ತಿರ ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಮಣ್ಣು ಎಳೆಯುತ್ತಿದ್ದನಂತೆ. ಮೊದಲ ಏಟು ಹೆಗಲಿಗೆ. ತಿರುಗಿ ಕೈ ಅಡ್ಡ ಇಟ್ಟ, ಎರಡನೆಯದಕ್ಕೆ ಆ ಕೈ ಹೋಯಿತು. ಮೂರನೆಯದು ಕುತ್ತಿಗೆಗೆ. ಬಿದ್ದಮೇಲೂ ಚೆಲುವ ನಿಲ್ಲಿಸಲಿಲ್ಲ. ಬುತ್ತಿ ಹೊತ್ತು ಬರುತ್ತಿದ್ದ ನಂಜೇಗೌಡನ ಹೆಂಡತಿ ಜಯಮ್ಮ ಬದುವಿನ ಮೇಲಿಂದ ಎಲ್ಲವನ್ನೂ ನೋಡಿದಳು. ಸುದ್ದಿ ಕೇಳಿ ಸಂತೆಯ ಜನರ ಜೊತೆ ನಾನೂ ಓಡಿದೆ. ನಾಲೆಯ ನೀರು ಕೆಂಪಾಗಿ ಕಬ್ಬಿನ ಸಾಲಿಗೆ ಹರಿಯುತ್ತಿತ್ತು, ಯಾರೂ ತೂಬು ಮುಚ್ಚಿರಲಿಲ್ಲ. ಮಚ್ಚು ಬದುವಿನ ಮೇಲೆ ಬಿದ್ದಿತ್ತು. ಚೇಳು ಮೇಲ್ಮುಖವಾಗಿತ್ತು. ಪೊಲೀಸಿನವನು ಅದನ್ನು ನೋಡಿ, ನನ್ನನ್ನು ನೋಡಿ, 'ಏನಯ್ಯಾ, ಒಳ್ಳೆ ಮಾಲು ಮಾಡಿದ್ದೀಯ' ಅಂದ.

ಆಮೇಲಿನದು ಹೇಳಲು ನಾಚಿಕೆ. ಪತ್ರಿಕೆಯಲ್ಲಿ ಮಚ್ಚಿನ ಫೋಟೋ ಬಂತು, ಚೇಳು ಸ್ಪಷ್ಟವಾಗಿ. ಮಾರನೆಯ ದಿನದಿಂದ ಮೋಟರ್‌ಬೈಕುಗಳು ಕುಲುಮೆಯ ಮುಂದೆ ನಿಲ್ಲತೊಡಗಿದವು. ಶ್ರೀರಂಗಪಟ್ಟಣದಿಂದ, ಮೈಸೂರಿನಿಂದ, ಕಬ್ಬಿನ ಗದ್ದೆಗೆ ಕಾಲಿಡದವರು. 'ಪೇಪರ್ನಲ್ಲಿ ಬಂದಿತ್ತಲ್ಲ, ಅದೇ ಬೇಕು ಗುರು' ಅನ್ನುತ್ತಿದ್ದರು. ಒದ್ದು ಓಡಿಸಿದೆ ಅಂದುಕೊಂಡೆಯಾ? ಹದಿನೈದು ದಿನ ಮಾರಿದೆ ಅಪ್ಪಾ. ಅವ್ವ ಅನ್ನ ಇಡುವುದನ್ನು ನಿಲ್ಲಿಸಿದ ದಿನ ನಾನೂ ನಿಲ್ಲಿಸಿದೆ.

ಕೇಸು ಶ್ರೀರಂಗಪಟ್ಟಣದ ಕೋರ್ಟಿಗೆ ಬಂದಾಗ ಚೆಲುವನ ಸೋದರಮಾವ ಮನೆಗೆ ಬಂದು ನೀನು ಕೂರುತ್ತಿದ್ದ ಜಗಲಿಯ ಮೇಲೆ ಕುಳಿತ. 'ನೋಡು ಆಚಾರಿ, ಆ ಮಚ್ಚು ನಂದಲ್ಲ, ಡೂಪ್ಲಿಕೇಟು ಅಂದ್ಬುಡು. ಪಾಂಡವಪುರದೋನ್ ಬೆಳ್ಳು ಜಜ್ಜಿದ್ದೀಯ, ತಾಲ್ಲೂಕ್ಗೇ ಗೊತ್ತು, ಯಾರ್ ಬ್ಯಾಡ ಅಂತಾರೆ? ನಿನ್ ಎಸ್ರೂ ಉಳೀತದೆ, ನಮ್ ಹೈದನೂ ಉಳ್ಕತಾನೆ' ಅಂದ. ಸುಲಭದ ದಾರಿ. ಸಂತೆಯಲ್ಲಿ ಶಿಳ್ಳೆ ಹೊಡೆದವರಲ್ಲಿ ಒಬ್ಬನೂ ಸಾಕ್ಷಿಗೆ ಬಂದಿರಲಿಲ್ಲ. ಉಳಿದದ್ದು ಜಯಮ್ಮನ ಮಾತು, ನನ್ನ ಮಾತು. ಬಾಲ ಎಡಕ್ಕೆ ಅಂತ ಒಂದು ಸುಳ್ಳು ಹೇಳಿದ್ದರೆ ಗೋಡೆಯ ಮೇಲಿನ ಮೀಸೆ ಹಾಗೇ ಇರುತ್ತಿತ್ತು. ರಾತ್ರಿಯೆಲ್ಲ ಅದೇ ಸುಳ್ಳನ್ನು ಬಾಯಿಪಾಠ ಮಾಡಿದೆ. ಕಟಕಟೆಯಲ್ಲಿ ಮಚ್ಚನ್ನು ಕೈಗೆ ಕೊಟ್ಟರು. ಹಿಡಿದು ನೋಡಿದೆ. ಹದ ಎಷ್ಟು ಚೆನ್ನಾಗಿ ಕೂತಿತ್ತು ಗೊತ್ತೇ? ನೀನೇ ಕಲಿಸಿದ ಹದ. ಅದನ್ನು ತಗಡಿನವನದು ಅನ್ನಲು ನಾಲಿಗೆ ಬರಲಿಲ್ಲ. ಪುಣ್ಯಕ್ಕಲ್ಲ ಅಪ್ಪಾ, ಮೊದಲು ತಡೆದದ್ದು ನನ್ನ ಕೆಲಸ ಇನ್ನೊಬ್ಬನದಾಗುತ್ತದೆಂಬ ಹೊಟ್ಟೆಕಿಚ್ಚೇ. ಆಮೇಲೆ ಎದುರಿಗೆ ಜಯಮ್ಮ ಕಂಡಳು. 'ನಂದೇ ಸ್ವಾಮಿ' ಅಂದೆ. 'ನನ್ ಕೈಯಾರೆ ಕೊಟ್ಟೆ. ಸಿಟ್ನಲ್ಲವ್ನೆ ಅಂತ ಗೊತ್ತಿದ್ರೂ ಕೊಟ್ಟೆ.'

ಕೋರ್ಟಿನಿಂದ ಬಸ್ಸಿಗೆ ನಡೆಯುವಾಗ ಚೆಲುವನ ಕಡೆಯ ಐದಾರು ಜನ ಸುತ್ತುವರಿದರು. ಮೊದಲು ಎಕ್ಕಡ, ಆಮೇಲೆ ಕಲ್ಲು. 'ಎಸ್ರು ಬೇಕಾಗಿತ್ತೇನ್ಲಾ ನಿಂಗೆ? ತಗಳ್ಲಾ ಎಸ್ರು, ತಗಳ್ಲಾ!' ಅನ್ನುತ್ತ ಬಾಯಿಗೇ ಒದ್ದರು. ಎರಡು ಹಲ್ಲು ರಸ್ತೆಗೆ ಬಿದ್ದವು, ಎಡಗೈ ಮಣಿಕಟ್ಟು ಮುರಿಯಿತು. ಚೆಲುವನಿಗೆ ಜೀವಾವಧಿ ಆಯಿತು. ಪೇಟೆಯ ಗೋಡೆಯ ಮೇಲೆ ನನ್ನ ಮುಖಕ್ಕೆ ಯಾರೋ ಸಗಣಿ ಬಳಿದರು. ಕೊಲೆಗಾರನ ಕುಲುಮೆ ಅಂತ ಗುಳ ತಟ್ಟಿಸುವುದಕ್ಕೂ ಜನ ಬರಲಿಲ್ಲ. ಚೇಳು ಕುಟುಕಿದ ಜಾಗ ಯಾರೂ ಮರೆಯುವುದಿಲ್ಲ ಅಂದಿದ್ದೆನಲ್ಲ, ಮರೆಯಲಿಲ್ಲ.

ಈ ಸುಗ್ಗಿಯಲ್ಲಿ ನಡೆದದ್ದನ್ನು ಹೇಳಲೆಂದೇ ಇಷ್ಟು ಬರೆದೆ. ಜಯಮ್ಮನ ಕಬ್ಬು ಒಣಗುತ್ತ ನಿಂತಿತ್ತು. ಎರಡು ಕಡೆಯವರ ಹಗೆಗೆ ಹೆದರಿ ಒಬ್ಬ ಆಳೂ ಅವಳ ಗದ್ದೆಗೆ ಇಳಿಯಲಿಲ್ಲ. ನಾನೇ ಒಂದು ಮಚ್ಚು ಹಿಡಿದು ಹೋದೆ. ನೋಡಿದವಳೇ ಮಣ್ಣಿನ ಹೆಂಟೆ ತೆಗೆದು ಬೀಸಿದಳು, ಹಣೆಗೆ ಬಿತ್ತು. 'ಯಾವ್ ಮೊಕ ಇಟ್ಕಂಡ್ ಬಂದ್ಯೋ, ಹಾಳಾದೋನೇ! ನಿಜ ಹೇಳ್ಬುಟ್ಟೆ ಅಂತ ನಿನ್ ಕಾಲ್ಗೆ ಬೀಳ್ಬೇಕಾ ನಾನು?' ಅಂದಳು. ಗದ್ದೆಯ ಇನ್ನೊಂದು ತುದಿಗೆ ಹೋಗಿ ಕಡಿಯಲು ಶುರುಮಾಡಿದೆ.

ಸಂತೆಯಲ್ಲಿ ಐದು ಜಲ್ಲೆ ಕಡಿದು ಮೀಸೆ ತಿರುವಿದವನು ಒಂದು ದಿನವೂ ಪೂರ್ತಿ ಗದ್ದೆ ಕಡಿದವನಲ್ಲ. ಮಧ್ಯಾಹ್ನದ ಹೊತ್ತಿಗೆ ಅಂಗೈ ಬೊಬ್ಬೆ ಎದ್ದಿತು. ಸಂಜೆಗೆ ಒಡೆಯಿತು. ಹಿಡಿ ಸಡಿಲವಾಗದಿರಲಿ ಅಂತ ನನ್ನ ಮಚ್ಚುಗಳಿಗೆಲ್ಲ ನಾನು ಹಾಕುವ ಕಬ್ಬಿಣದ ಬಳೆ, ಪ್ರತಿ ಏಟಿಗೂ ಹೆಬ್ಬೆರಳ ಬುಡವನ್ನು ಕಚ್ಚುತ್ತಿತ್ತು. ಮೂರನೆಯ ದಿನ ಹಿಡಿಯೆಲ್ಲ ರಕ್ತವಾಗಿ ಮಚ್ಚು ಕೈಯಲ್ಲಿ ಜಾರತೊಡಗಿತು. ಆಗ ಜಯಮ್ಮ ಹತ್ತಿರ ಬಂದಳು. ನನ್ನ ಕೈಯನ್ನೇ ನೋಡುತ್ತ ನಿಂತಳು. ಮುಖದ ಗಂಟು ಬಿಚ್ಚಿರಲಿಲ್ಲ. ಬಟ್ಟೆಯ ಚೂರೊಂದನ್ನು ನನ್ನ ಮುಂದೆ ಎಸೆದಳು.

'ಸುತ್ಕೊ' ಅಂದಳು. 'ನಿನ್ ಮಚ್ಚೇ ಇಂಗೆ, ಕೈ ಕಚ್ತದೆ. ನಮ್ಮನೆಯವ್ರೂ ನಾಕ್ ಸುಗ್ಗಿ ಬಟ್ಟೆ ಸುತ್ಕಂಡೇ ಕಡುದ್ರು. ಹೋಗಿ ಆಚಾರಿಗೆ ಹೇಳಿ ಅಂದ್ರೆ, ಅಷ್ಟ್ ದೊಡ್ ಎಸ್ರು ಮಾಡವ್ನೆ, ಅವನ್ಗೆ ನಾವೇನೇ ಹೇಳಾದು ಅಂದ್ಬುಡೋರು.'